ಹಳೆ ಜೀಪಿನ ಪೆಟ್ರೋಲ್ ವಾಸನೆ: ಮೂಗನ್ನು ಎಷ್ಟು ನಂಬಬೇಕು?

‘ಹಳೀ ಗಾಡಿ ಅಂದ್ರ ವಾಸ್ನಿ ಬಂದೇ ಬರ್ತದ್ರಿ.’ ಸೇಡಂ, ಚಿತ್ತಾಪುರದ ಕಡೆ ಹಳೆಯ ಪೆಟ್ರೋಲ್ ಜೀಪನ್ನೋ ಜಿಪ್ಸಿಯನ್ನೋ ಇಟ್ಟುಕೊಂಡವರು ಈ ಮಾತನ್ನು ಕೇಳೀ ಕೇಳೀ ಕೊನೆಗೆ ತಾವೇ ಹೇಳತೊಡಗಿರುತ್ತಾರೆ. ಮಾತಿನಲ್ಲಿ ಸಮಾಧಾನವಿದೆ, ಸತ್ಯವಿಲ್ಲ. ಮಾರುತಿ ಜಿಪ್ಸಿ 1985ರಲ್ಲಿ ಹೊರಬಂದ ದಿನ ಅದರಲ್ಲಿ ವಾಸನೆ ಇರಲಿಲ್ಲ. ಅದಕ್ಕೂ ಹಿಂದಿನ ವಿಲ್ಲೀಸ್ ಮಾದರಿಯ ಮಹೀಂದ್ರ ಜೀಪಿನಲ್ಲೂ ಹೊಸದರಲ್ಲಿ ಕೂತವರು ಮೂಗು ಮುಚ್ಚಿಕೊಳ್ಳುತ್ತಿರಲಿಲ್ಲ. ಕಾರ್ಬೊರೇಟರಿನ ಗಾಡಿಯಲ್ಲಿ ಒಂದೆರಡು ಉಸಿರುಗಂಡಿಗಳಿರುವುದು ನಿಜ. ಬಿಸಿಲಿನಲ್ಲಿ ಎಂಜಿನ್ ಆರಿಸಿದ ಮೇಲೆ ಸ್ವಲ್ಪ ಹೊತ್ತು ಬಾನೆಟ್ಟಿನ ಕೆಳಗೆ ತುಸು ವಾಸನೆ ಸುಳಿದರೆ ಅದನ್ನು ಆ ಕಾಲದ ತಂತ್ರಜ್ಞಾನದ ಲೆಕ್ಕಕ್ಕೆ ಬರೆಯಬಹುದು. ದಾರಿಯುದ್ದಕ್ಕೂ ಕೂತವರ ಮೂಗಿಗೆ ಹೊಡೆಯುವ ವಾಸನೆಯ ಮಾತೇ ಬೇರೆ. ವಯಸ್ಸಾದವರಿಗೆ ಕೆಮ್ಮು ಸಹಜ ಎಂದುಕೊಂಡು ಕ್ಷಯವನ್ನು ಬೆಳೆಯಲು ಬಿಡುವ ಮನೆಗಳಿವೆ; ಇದೂ ಅದೇ ಜಾತಿಯ ತರ್ಕ.

ಈ ತರ್ಕಕ್ಕೆ ಬಲ ಬರುವುದು ಮೂಗಿನ ಸ್ವಭಾವದಿಂದ. ಗಾಳಿಯ ಹತ್ತು ಲಕ್ಷ ಪಾಲಿನಲ್ಲಿ ಒಂದು ಪಾಲಿಗಿಂತ ಕಡಿಮೆ ಪೆಟ್ರೋಲ್ ಆವಿ ಇದ್ದರೂ ಮೂಗು ಹಿಡಿಯಬಲ್ಲದು. ಬೆಂಕಿ ಹತ್ತಲು ಬೇಕಾದದ್ದು ನೂರು ಪಾಲಿನಲ್ಲಿ ಸುಮಾರು 1.4 ಪಾಲು. ಇವೆರಡರ ನಡುವೆ ಸಾವಿರಾರು ಪಟ್ಟು ಅಂತರವಿದೆ. ‘ಇಷ್ಟು ವರ್ಷದಿಂದ ವಾಸನೆ ಇದೆ, ಏನೂ ಆಗಿಲ್ಲ’ ಎನ್ನುವವರ ಅನುಭವ ಸುಳ್ಳಲ್ಲ, ಈ ಅಂತರವೇ ಅವರನ್ನು ಕಾಪಾಡಿದೆ. ಆದರೆ ಅದು ಕೂತವರ ಮೂಗಿನ ಮಟ್ಟದ ಲೆಕ್ಕ. ಪೆಟ್ರೋಲ್ ಆವಿ ಗಾಳಿಗಿಂತ ಮೂರು-ನಾಲ್ಕು ಪಟ್ಟು ಭಾರ; ಸೋರಿದ ಅಡುಗೆ ಗ್ಯಾಸಿನಂತೆ ಅದು ಕೆಳಗಿಳಿದು ಸೀಟಿನಡಿ, ನೆಲಹಾಸಿನಡಿ, ಗ್ಯಾರೇಜಿನ ಗುಂಡಿಯಲ್ಲಿ ಕೂರುತ್ತದೆ. ಒಂದು ಲೋಟ, ಅಂದರೆ 200 ಮಿಲಿಲೀಟರ್ ಪೆಟ್ರೋಲ್ ಪೂರ್ತಿ ಆವಿಯಾದರೆ ಸುಮಾರು ಮೂರು ಸಾವಿರ ಲೀಟರ್ ಗಾಳಿಯನ್ನು ಉರಿಯುವ ಮಿಶ್ರಣ ಮಾಡಲು ಸಾಕು; ಒಂದು ಚಿಕ್ಕ ಜೀಪಿನ ಒಳಗೆ ಹಿಡಿಸುವಷ್ಟು ಗಾಳಿ ಅದು. ಇನ್ನೊಂದು ತೊಡಕೆಂದರೆ, ಕೆಲವೇ ನಿಮಿಷಗಳಲ್ಲಿ ಮೂಗು ಆ ವಾಸನೆಗೆ ಒಗ್ಗಿಹೋಗುತ್ತದೆ. ‘ಹೊರಟಾಗ ಬರ್ತಿತ್ತು, ಆಮೇಲೆ ನಿಂತುಹೋಯ್ತು’ ಎಂಬ ಹೇಳಿಕೆಯಲ್ಲಿ ನಿಂತದ್ದು ಎಷ್ಟೋ ಸಲ ವಾಸನೆಯಲ್ಲ, ಮೂಗು.

ಇದಕ್ಕಿಂತ ಹೆಚ್ಚು ದುಡ್ಡು ಕಳೆಯುವ ನಂಬಿಕೆ ಇನ್ನೊಂದಿದೆ: ವಾಸನೆ ಎಲ್ಲಿ ಗಾಢವೋ ಸೋರಿಕೆಯೂ ಅಲ್ಲೇ. ಓಡುವ ಗಾಡಿಯ ಹಿಂಬದಿಯಲ್ಲಿ ಗಾಳಿಯ ಒತ್ತಡ ಕುಸಿಯುತ್ತದೆ. ಹಿಂದಿನ ತಾಡಪತ್ರಿಯ ಪರದೆ ಹರಿದಿದ್ದರೆ, ಅಥವಾ ಬಾಗಿಲಿನ ರಬ್ಬರು ಸವೆದಿದ್ದರೆ, ಗಾಡಿಯ ಹಿಂದೆ ಸುತ್ತುವ ಗಾಳಿ ಒಳಗೆ ನುಗ್ಗಿ ಮುಂದಿನ ಸೀಟಿನವರೆಗೂ ಬರುತ್ತದೆ. ಹಾಗಾಗಿ ಹಿಂದಿನ ಟ್ಯಾಂಕಿನ ವಾಸನೆ ಡ್ಯಾಶ್‌ಬೋರ್ಡಿನ ಹತ್ತಿರ ಮೂಗಿಗೆ ಬಡಿಯಬಹುದು; ಮಿಸ್ತ್ರಿ ಕಾರ್ಬೊರೇಟರ್ ಬಿಚ್ಚಿ ತೊಳೆದು ದುಡ್ಡು ತೆಗೆದುಕೊಂಡ ಮೇಲೂ ವಾಸನೆ ಅಲ್ಲೇ ಇರಬಹುದು. ಹಳೆಯ ವಿಲ್ಲೀಸ್ ಮಾದರಿಯಲ್ಲಂತೂ ಟ್ಯಾಂಕು ಚಾಲಕನ ಸೀಟಿನಡಿಯಲ್ಲೇ ಇರುವುದರಿಂದ, ‘ಸೀಟಿನ ಹತ್ರ ಜಾಸ್ತಿ’ ಎಂಬ ಮಾತಿನಿಂದ ತಿಳಿಯುವುದು ಬಹಳ ಕಡಿಮೆ. ಇದೇ ಹರಿದ ಪರದೆಯ ದಾರಿಯಲ್ಲಿ ಸೈಲೆನ್ಸರಿನ ಹೊಗೆಯೂ ಒಳಗೆ ಬರುತ್ತದೆ, ಅದರಲ್ಲಿರುವ ಕಾರ್ಬನ್ ಮಾನಾಕ್ಸೈಡಿಗೆ ವಾಸನೆಯೇ ಇಲ್ಲ. ಹೀಗೆ ‘ಎಲ್ಲಿ’ ಎಂಬ ಪ್ರಶ್ನೆಗೆ ಮೂಗು ಕೊಡುವ ಸಾಕ್ಷಿ ದುರ್ಬಲ. ‘ಯಾವಾಗ’ ಎಂದು ಕೇಳಿದರೆ ಅದೇ ಮೂಗು ಸಾಕಷ್ಟು ನಂಬಬಹುದಾದ ಸಾಕ್ಷಿಯಾಗುತ್ತದೆ. ಟ್ಯಾಂಕು ತುಂಬಿಸಿದ ಮೇಲೆಯೋ, ಬೆಳಿಗ್ಗೆ ಎಂಜಿನ್ ಎಬ್ಬಿಸುವಾಗಲೋ, ಬಿಸಿ ಎಂಜಿನ್ ಆರಿಸಿ ಹತ್ತು ನಿಮಿಷಕ್ಕೋ, ಏರು ಹತ್ತುವಾಗಲೋ? ಒಂದು ವಾರ ಇದನ್ನು ಚೀಟಿಯಲ್ಲಿ ಬರೆದಿಟ್ಟರೆ ಅರ್ಧ ಪತ್ತೆ ಆದಂತೆ.

ಟ್ಯಾಂಕು ತುಂಬಿಸಿದ ದಿನ ಜೋರಾಗಿ ಬಂದು, ಅರ್ಧಕ್ಕಿಳಿಯುವ ಹೊತ್ತಿಗೆ ತಾನಾಗಿ ಕಡಿಮೆಯಾಗುವ ವಾಸನೆಯನ್ನು ನೋಡಿ. ಈ ಭಾಗದ ಹಳೆ ಗಾಡಿಗಳಲ್ಲಿ ಮೊದಲು ಅನುಮಾನಿಸಬೇಕಾದದ್ದು ಇದನ್ನೇ. ಎಣ್ಣೆಯ ಮಟ್ಟ ಇಳಿದಾಗ ವಾಸನೆಯೂ ಇಳಿದರೆ ತೂತು ಮೇಲ್ಭಾಗದಲ್ಲಿದೆ ಎಂದರ್ಥ: ಪೆಟ್ರೋಲ್ ಸುರಿಯುವ ಬಾಯಿಯಿಂದ ಟ್ಯಾಂಕಿಗೆ ಹೋಗುವ ದಪ್ಪ ರಬ್ಬರ್ ಪೈಪು, ಅದರ ಪಕ್ಕದ ಸಣ್ಣ ಗಾಳಿ ಪೈಪು, ಗೇಜಿನ ಫ್ಲೋಟು ಕೂರುವ ಜಾಗದ ಪ್ಯಾಕಿಂಗು, ಇಲ್ಲವೇ ಟ್ಯಾಂಕಿನ ನೆತ್ತಿಯ ತಗಡು. ಗಾಡಿಯ ಕೆಳಗೆ ಮಲಗಿ ನೋಡುವವರಿಗೆ ಟ್ಯಾಂಕಿನ ಹೊಟ್ಟೆ ಕಾಣುತ್ತದೆಯೇ ಹೊರತು ನೆತ್ತಿ ಕಾಣುವುದಿಲ್ಲ. ಆದರೆ ತುಕ್ಕು ಹಿಡಿಯುವುದು ನೆತ್ತಿಗೇ, ಯಾಕೆಂದರೆ ಮಳೆಗಾಲದಲ್ಲಿ ತೊಗರಿ ಹೊಲದ ದಾರಿಯ ಎರೆಮಣ್ಣು ಟ್ಯಾಂಕಿಗೂ ಗಾಡಿಯ ತಳದ ತಗಡಿಗೂ ನಡುವಿನ ಸಂದಿಯಲ್ಲಿ ಸೇರಿ ತಿಂಗಳುಗಟ್ಟಲೆ ತೇವ ಹಿಡಿದಿರುತ್ತದೆ. ವಾಡಿ, ಶಹಾಬಾದ್, ಮಳಖೇಡದ ಸುತ್ತ ಓಡುವ ಗಾಡಿಗೆ ಸುಣ್ಣಕಲ್ಲಿನ ಗಣಿ ಮತ್ತು ಸಿಮೆಂಟಿನ ಧೂಳು ಬೇರೆ. ನೀರು ತಾಕಿದರೆ ಅದು ಗಟ್ಟಿ ಪದರವಾಗುತ್ತದೆ. ಇಂಥ ಪದರ ಸೋರಿದ ಪೆಟ್ರೋಲನ್ನು ದೀಪದ ಬತ್ತಿಯಂತೆ ಹೀರಿ ಒಂದು ಗೇಣು ಆಚೆ ಒದ್ದೆ ತೋರಿಸುತ್ತದೆ. ಒದ್ದೆಯಿದ್ದಲ್ಲೇ ಮದ್ದು ಹಚ್ಚಿದವರು ಮತ್ತೆ ಗ್ಯಾರೇಜಿಗೆ ಬರುವುದು ಇದರಿಂದಲೇ. ಬಿಸಿಲೂ ಇದಕ್ಕೆ ಜೊತೆಗೂಡುತ್ತದೆ. ಪೆಟ್ರೋಲ್ ಪ್ರತಿ ಡಿಗ್ರಿಗೆ ಸಾವಿರದಲ್ಲಿ ಸುಮಾರು ಒಂದು ಪಾಲು ಹಿಗ್ಗುತ್ತದೆ. ಬಂಕಿನ ನೆಲದಡಿಯ ತಂಪಿನಿಂದ ಬಂದ 40 ಲೀಟರು, ಮೇ ತಿಂಗಳ ಬಿಸಿಲಿನಲ್ಲಿ ನಿಂತು 15 ಡಿಗ್ರಿ ಕಾದರೆ ಅರ್ಧ ಲೀಟರಿಗಿಂತ ಹೆಚ್ಚು ಉಬ್ಬುತ್ತದೆ. ನಳಿಕೆ ಟಕ್ ಎಂದು ನಿಂತ ಮೇಲೂ ‘ಇನ್ನ ಐವತ್ತು ರೂಪಾಯಿದು ಹಾಕು’ ಎಂದು ಕುತ್ತಿಗೆವರೆಗೆ ತುಂಬಿಸುವುದು ಲಾಭವೆಂಬ ನಂಬಿಕೆಯ ಬೆಲೆ ಅದು. ಅದೇ ತುಂಬಿದ ಗಾಡಿ ಚಿಂಚೋಳಿ ದಾಟಿ ಕೊಂಚಾವರಂ ಕಾಡಿನ ಏರು ಹತ್ತುವಾಗ ಪೆಟ್ರೋಲ್ ಹಿಂದಕ್ಕೆ ವಾಲಿ ಬಿರುಕುಬಿಟ್ಟ ಪೈಪನ್ನು ತಟ್ಟುತ್ತದೆ. ಸಮತಟ್ಟಾದ ಸೇಡಂ ರಸ್ತೆಯಲ್ಲಿ ಬಾರದ ವಾಸನೆ ಏರಿನಲ್ಲಿ ಬರುವುದಕ್ಕೆ ಎಂಜಿನ್ನಿನ ಶ್ರಮ ಕಾರಣವಲ್ಲ.

ಬಿಸಿ ಎಂಜಿನ್ ಆರಿಸಿದ ಮೇಲೆ ಬರುವ ವಾಸನೆಯ ಕಥೆ ಬೇರೆ. ಪೆಟ್ರೋಲಿನ ಹಗುರ ಅಂಶಗಳು 35–40 ಡಿಗ್ರಿಯಲ್ಲೇ ಕುದಿಯತೊಡಗುತ್ತವೆ. ನೆರಳಿನಲ್ಲೇ 42–43 ಡಿಗ್ರಿ ಮುಟ್ಟುವ ಕಲಬುರಗಿ ಸೀಮೆಯಲ್ಲಿ, ಎಂಜಿನ್ ಆರಿ ಫ್ಯಾನೂ ನಿಂತಾಗ ಬಾನೆಟ್ಟಿನೊಳಗೆ ಇನ್ನೂ ಎಷ್ಟೋ ಡಿಗ್ರಿ ಏರುತ್ತದೆ. ಕಾರ್ಬೊರೇಟರಿನ ಬಟ್ಟಲಿನ ಪೆಟ್ರೋಲ್ ಅಕ್ಷರಶಃ ಕುದಿಯುತ್ತದೆ. ಇದು ಸ್ವಲ್ಪ ಮಟ್ಟಿಗೆ ಸಹಜ. ಸಹಜವಲ್ಲದ್ದು, ಸವೆದ ಸೂಜಿ ಕವಾಟವೋ ತೂತಾದ ಫ್ಲೋಟೋ ಬಟ್ಟಲನ್ನು ತುಂಬಿ ಹರಿಸುವುದು. ಹಾಗಾದಾಗ ಪ್ಲಗ್ಗು ಮಸಿ ಹಿಡಿಯುತ್ತದೆ, ಸೈಲೆನ್ಸರಿನಿಂದ ಸುಡದ ಪೆಟ್ರೋಲಿನ ಘಾಟು ಬರುತ್ತದೆ. ಇಲ್ಲೇ ಇನ್ನೊಂದು ತಮಾಷೆಯ ತಪ್ಪು ಕಲ್ಪನೆಯಿದೆ: ‘ನನ್ನ ಗಾಡಿ ಆಯಿಲ್ ಕುಡಿಯೋದೇ ಇಲ್ಲ, ಮಟ್ಟ ಇನ್ನೂ ಏರೇದ.’ ಆಯಿಲ್ ತಾನಾಗಿ ಏರುವ ವಸ್ತುವಲ್ಲ. ಎಂಜಿನ್ನಿಗೆ ಅಂಟಿಕೊಂಡ ಹಳೆ ಪಂಪಿನ ಡಯಾಫ್ರಾಮ್ ಹರಿದರೆ ಪೆಟ್ರೋಲ್ ಕೆಳಗಿನ ಆಯಿಲ್ ಸಂಪಿಗೆ ಇಳಿಯುತ್ತದೆ. ಹೊರಗೆ ಒಂದು ಹನಿಯೂ ಕಾಣುವುದಿಲ್ಲ, ಆಯಿಲ್ ತೆಳ್ಳಗಾಗಿ ಬೇರಿಂಗುಗಳು ಸವೆಯುತ್ತವೆ. ಡಿಪ್ ಸ್ಟಿಕ್ ಎಳೆದು ಮೂಸಿ ನೋಡಲು ಅರ್ಧ ನಿಮಿಷ ಸಾಕು.

‘ಕೆಳಗೆ ಹನಿ ಬಿದ್ದಿಲ್ಲ, ಅಂದರೆ ಸೋರಿಕೆ ಇಲ್ಲ’ ಎಂಬ ಮಾತಿಗೂ ಇದರಿಂದ ಉತ್ತರ ಸಿಗುತ್ತದೆ. ಈ ಸೆಕೆಯಲ್ಲಿ ಜಿನುಗಿದ ಪೆಟ್ರೋಲ್ ಹನಿಯಾಗುವ ಮೊದಲೇ ಆರಿಹೋಗುತ್ತದೆ. ಅದರ ಮೇಲೆ, ಕಾರ್ಬೊರೇಟರಿನ ಜಿಪ್ಸಿಯಲ್ಲಿ ಪಂಪು ಮುಂದೆ ಎಂಜಿನ್ನಿನ ಹತ್ತಿರವಿದ್ದು ಪೆಟ್ರೋಲನ್ನು ಎಳೆಯುತ್ತದೆ. ಟ್ಯಾಂಕಿನಿಂದ ಪಂಪಿನವರೆಗಿನ ಬಿರುಕು ಓಡುವಾಗ ಪೆಟ್ರೋಲ್ ಹೊರಬಿಡುವ ಬದಲು ಗಾಳಿ ಒಳಗೆಳೆದುಕೊಳ್ಳುತ್ತದೆ. ವಾಸನೆ ಬರುವುದು ನಿಂತಾಗ. 2000ದಲ್ಲಿ ಜಿಪ್ಸಿ ಕಿಂಗ್‌ಗೆ ಎಂಪಿಎಫ್‌ಐ (ಕಾರ್ಬೊರೇಟರಿನ ಬದಲು ಪೆಟ್ರೋಲನ್ನು ಒತ್ತಡದಲ್ಲಿ ಸಿಂಪಡಿಸುವ ವ್ಯವಸ್ಥೆ) ಬಂದ ಮೇಲೆ ಲೆಕ್ಕ ತಿರುಗಿತು: ಪಂಪು ಟ್ಯಾಂಕಿನೊಳಗೆ ಸೇರಿತು, ಎಂಜಿನ್ನಿನವರೆಗಿನ ಪೈಪೆಲ್ಲ ಒತ್ತಡದಲ್ಲಿರುತ್ತದೆ, ಓಡುವಾಗಲೇ ಸೂಕ್ಷ್ಮವಾಗಿ ಚಿಮ್ಮಬಹುದು. ಒಂದೇ ಹೆಸರಿನ ಎರಡು ಗಾಡಿಗಳಿಗೆ ಒಂದೇ ಮದ್ದು ಹೇಳಲಾಗದು. ಹನಿಗಿಂತ ಒಳ್ಳೆಯ ಗುರುತು ಕಲೆ. ಸಾಮಾನ್ಯ ಪೆಟ್ರೋಲಿಗೆ ನಮ್ಮಲ್ಲಿ ಕಿತ್ತಳೆ ಬಣ್ಣ ಬೆರೆಸಿರುತ್ತಾರೆ. ಅದು ಆರಿದಲ್ಲಿ ಕಂದು-ಹಳದಿ ಕಲೆ ಉಳಿಯುತ್ತದೆ, ಇಲ್ಲವೇ ಸುತ್ತೆಲ್ಲ ಧೂಳಿದ್ದು ಅಲ್ಲಿ ಮಾತ್ರ ತೊಳೆದಂತೆ ಕಾಣುತ್ತದೆ. ಧೂಳಿನ ಊರಿನಲ್ಲಿ ಓಡುವ ಗಾಡಿಗಿರುವ ಏಕೈಕ ಅನುಕೂಲ ಇದೇ ಇರಬೇಕು. ಅನುಮಾನದ ಜೋಡಣೆಯನ್ನು ಒರೆಸಿ ಒಣಗಿಸಿ ಮುಖದ ಪೌಡರು ಉದುರಿಸಿಟ್ಟರೆ ಮರುದಿನ ಒದ್ದೆ ಮೊದಲು ಹುಟ್ಟಿದ ಜಾಗ ಕಾಣುತ್ತದೆ.

ಇನ್ನು ಆರೋಪ ಹೊತ್ತ ಎಥನಾಲ್. ದೇಶದಲ್ಲಿ ಶೇ. 10ರ ಮಿಶ್ರಣದ ಗುರಿ 2022ರಲ್ಲಿ ತಲುಪಿತು, 2025ರಲ್ಲಿ ಶೇ. 20ಕ್ಕೆ ಏರಿತು, ಎಥನಾಲ್ ಘಟಕ ಚಿಂಚೋಳಿಯಲ್ಲೇ ಎದ್ದು ವಿವಾದಕ್ಕೂ ಗುರಿಯಾದದ್ದರಿಂದ ಇಲ್ಲಿನ ಚಹಾದಂಗಡಿಗಳಿಗೆ ಈ ವಿಷಯ ಹೊಸದಲ್ಲ. ‘ಎಥನಾಲ್ ಬಂದ ಮ್ಯಾಲೇ ವಾಸ್ನಿ ಶುರುವಾಗೇದ’ ಎಂಬ ದೂರನ್ನು ಪೂರ್ತಿ ತಳ್ಳಿಹಾಕುವುದು ಅಪ್ರಾಮಾಣಿಕ. ಎಂಬತ್ತು-ತೊಂಬತ್ತರ ದಶಕದ ರಬ್ಬರು, ಕಾರ್ಕಿನ ಪ್ಯಾಕಿಂಗುಗಳನ್ನು ಈ ಮಿಶ್ರಣಕ್ಕೆಂದು ಮಾಡಿರಲಿಲ್ಲ. ಅವು ಉಬ್ಬುತ್ತವೆ, ಮೆತ್ತಗಾಗುತ್ತವೆ. ಎಥನಾಲ್ ನೀರನ್ನು ಸೆಳೆಯುವುದರಿಂದ ಬಹುಕಾಲ ನಿಂತ ಗಾಡಿಯ ಟ್ಯಾಂಕಿನಲ್ಲಿ ತುಕ್ಕಿಗೂ ದಾರಿಯಾಗುತ್ತದೆ. ಆದರೆ 25 ವರ್ಷ ಬದಲಿಸದ ಪೈಪು ಶುದ್ಧ ಪೆಟ್ರೋಲಿನಲ್ಲೂ ಬಿರಿಯುತ್ತಿತ್ತು. ಹೊರಟೇ ಹೋಗಬೇಕಿದ್ದ ಪೈಪನ್ನು ಎಥನಾಲ್ ಬೇಗ ಹೊರಡಿಸಿತು, ಅಷ್ಟೇ. ಕಲಬೆರಕೆಯ ಆರೋಪಕ್ಕೆ ಅಷ್ಟೂ ಆಧಾರವಿಲ್ಲ: ಸೀಮೆಎಣ್ಣೆ ಬೆರೆಸಿದರೆ ಪೆಟ್ರೋಲ್ ಆವಿಯಾಗುವ ಗುಣ ಕುಗ್ಗುತ್ತದೆ, ಬಂಕು ಎಷ್ಟೇ ಕೆಟ್ಟದ್ದಿರಲಿ, ಮುಚ್ಚಿದ ಪೈಪಿನಿಂದ ವಾಸನೆ ಹೊರತರಲಾರದು.

ಹಾಗಾದರೆ ಇಷ್ಟೆಲ್ಲ ಹುಡುಕಾಟ ಯಾಕೆ, ಪೈಪುಗಳನ್ನೆಲ್ಲ ಒಮ್ಮೆಲೇ ಬದಲಿಸಿದರಾಯಿತಲ್ಲ ಎಂದು ಕೇಳಬಹುದು. ಒಳ್ಳೆಯ ಆಕ್ಷೇಪಣೆ, ಅರ್ಧ ಒಪ್ಪಬೇಕಾದದ್ದೂ ಹೌದು. ವಯಸ್ಸಾದ ರಬ್ಬರನ್ನು ಹೇಗೂ ಬದಲಿಸಲೇಬೇಕು. ಬದಲಿಸುವಾಗ ಪೈಪಿನ ಮೈಮೇಲೆ ಅಚ್ಚಾದದ್ದನ್ನು ಓದಬೇಕು: ಕಾರ್ಬೊರೇಟರಿಗೆ ‘ಎಸ್‌ಎಇ ಜೆ30 ಆರ್7’ ನಡೆದೀತು, ಎಂಪಿಎಫ್‌ಐಗೆ ‘ಆರ್9’ ಬೇಕು, ಫಿಲ್ಟರಿನ ಹತ್ತಿರ ಚೆಂದ ಕಾಣಲೆಂದು ಹಾಕುವ ಪಾರದರ್ಶಕ ಪ್ಲಾಸ್ಟಿಕ್ ಪೈಪು ಎರಡಕ್ಕೂ ಬೇಡ, ಅದು ಬಿಸಿಗೆ ಕಲ್ಲಾಗಿ ಕ್ಲಿಪ್ಪಿನಡಿ ಸೀಳುತ್ತದೆ. ಆದರೆ ಪೈಪು ಬದಲಿಸಿದ ಮಾತ್ರಕ್ಕೆ ಟ್ಯಾಂಕಿನ ನೆತ್ತಿ, ಫ್ಲೋಟಿನ ಪ್ಯಾಕಿಂಗು, ಪಂಪಿನ ಡಯಾಫ್ರಾಮ್ ಸರಿಯಾಗುವುದಿಲ್ಲ. ಮುಚ್ಚಳಕ್ಕೆ ‘ಗಾಳಿ ಆಡಲಿ’ ಎಂದು ಕೊರೆದ ತೂತೂ ಮುಚ್ಚುವುದಿಲ್ಲ. ಟ್ಯಾಂಕಿನ ಆವಿಯನ್ನು ಹೀರಿ ಎಂಜಿನ್ನಿಗೆ ಕಳಿಸುವ ಇದ್ದಿಲಿನ ಡಬ್ಬಿಯನ್ನು ‘ಇದು ಬೇಕಾಗಿಲ್ಲ’ ಎಂದು ಕಿತ್ತೆಸೆದು ಪೈಪನ್ನು ತೆರೆದು ಬಿಟ್ಟಿದ್ದರೆ, ಹೊಸ ರಬ್ಬರು ಎಷ್ಟು ಹಾಕಿದರೂ ವಾಸನೆ ಅದೇ. ದಾರಿಬದಿಯ ಸಾಬೂನಿನ ಉಪಾಯವನ್ನು ಮಾತ್ರ ನಾನು ಗೇಲಿ ಮಾಡಲಾರೆ. ಬಟ್ಟೆ ಸಾಬೂನು ಪೆಟ್ರೋಲಿನಲ್ಲಿ ಕರಗುವುದಿಲ್ಲ, ಆದ್ದರಿಂದ ಸಣ್ಣ ಬಿರುಕಿಗೆ ತಿಕ್ಕಿದರೆ ಊರು ಮುಟ್ಟುವವರೆಗೆ ನಿಲ್ಲುತ್ತದೆ. ನೀರಿನಲ್ಲಿ ಕರಗುತ್ತದಲ್ಲ, ಮೊದಲ ಮಳೆಗೆ ಅದರ ಕೆಲಸ ಮುಗಿಯಿತು.

ಕೊನೆಗೆ ಟ್ಯಾಂಕೇ ತೂತೆಂದು ಗೊತ್ತಾದಾಗ ಎದುರಾಗುವುದು ಎಲ್ಲಕ್ಕಿಂತ ಅಪಾಯದ ನಂಬಿಕೆ: ಟ್ಯಾಂಕು ಖಾಲಿಯಿದೆ, ಬೆಸುಗೆ ಹಾಕಬಹುದು. ಪೆಟ್ರೋಲ್ ಆವಿ ಗಾಳಿಯಲ್ಲಿ ಸುಮಾರು ಶೇ. 7.6 ದಾಟಿದರೆ ಉರಿಯುವುದಿಲ್ಲ, ಉರಿಯಲು ಬೇಕಾದ ಗಾಳಿಯೇ ಅಲ್ಲಿ ಉಳಿದಿರುವುದಿಲ್ಲ. ಪೆಟ್ರೋಲ್ ನಿಂತ ಟ್ಯಾಂಕಿನೊಳಗಿನ ಆವಿ ಈ ಸೀಮೆಯ ಬಿಸಿಯಲ್ಲಿ ಹೆಚ್ಚಾಗಿ ಆ ಗಡಿಯಾಚೆಗಿರುತ್ತದೆ. ಬಸಿದು ಬಾಯಿ ತೆರೆದಿಟ್ಟ ಟ್ಯಾಂಕಿನಲ್ಲಿ ಗಾಳಿ ಸೇರಿ ಅದೇ ಆವಿ 1.4 ಮತ್ತು 7.6ರ ನಡುವೆ ಬಂದು ನಿಲ್ಲುತ್ತದೆ. ಒಂದು ಕಿಡಿ ಸಾಕು. ಎರಡು ದಿನ ಬಿಸಿಲಿಗಿಟ್ಟೆವು ಎಂಬುದು ರಕ್ಷಣೆಯಲ್ಲ, ಸಂದಿಯ ತುಕ್ಕಿನಲ್ಲಿ ಹೀರಿಕೊಂಡ ಪೆಟ್ರೋಲ್ ಬೆಸುಗೆಯ ಶಾಖಕ್ಕೇ ಹೊರಬರುತ್ತದೆ. ಈ ಕೆಲಸ ಬಲ್ಲ ರೇಡಿಯೇಟರ್ ಅಂಗಡಿಯವರು ಟ್ಯಾಂಕನ್ನು ಸೋಪಿನ ಬಿಸಿನೀರಿನಲ್ಲಿ ಹಲವು ಸಲ ತೊಳೆದು, ತೂತಿನ ಅಂಚಿನವರೆಗೆ ನೀರು ತುಂಬಿಸಿ, ಆವಿ ಕೂರಲು ಜಾಗವೇ ಇಲ್ಲದಂತೆ ಮಾಡಿಕೊಂಡು ಆಮೇಲೆ ಬೆಂಕಿ ಮುಟ್ಟುತ್ತಾರೆ. ನೆತ್ತಿಯ ತಗಡೆಲ್ಲ ಜರಡಿಯಾಗಿದ್ದರೆ ಅವರೂ ಬೆಸುಗೆ ಹಾಕದೆ ಬೇರೆ ಟ್ಯಾಂಕು ತನ್ನಿ ಎನ್ನುತ್ತಾರೆ.