ವೈದ್ಯನ ಕಿವಿಗೆ ಬಿದ್ದ ಮಾತು

ಜ್ವರ ಎಷ್ಟು ದಿನದಿಂದ ಎಂದು ವೈದ್ಯನು ಕೇಳಿದರೆ ಯಾರೂ ಸಂಕೋಚಪಡುವುದಿಲ್ಲ. ಕುಡಿತದ ಅಭ್ಯಾಸವುಂಟೆ, ಹಿಂದೆ ಎಂದಾದರೂ ಸೆಳವು ಬಂದದ್ದುಂಟೆ ಎಂದು ಕೇಳಿದೊಡನೆ ರೋಗಿಯ ದೃಷ್ಟಿ ಪಕ್ಕದಲ್ಲಿ ಕುಳಿತ ಬಂಧುವಿನ ಕಡೆಗೆ ಹೊರಳುತ್ತದೆ. ವೈದ್ಯನಲ್ಲಿಯೂ ವಕೀಲನಲ್ಲಿಯೂ ಸುಳ್ಳಾಡಬಾರದೆಂಬುದು ಎಲ್ಲರೂ ಬಲ್ಲ ಮಾತು. ಆದರೆ ನಿಜ ನುಡಿಯಬೇಕಾದರೆ, ನುಡಿದದ್ದು ಆ ಕೋಣೆಯ ಬಾಗಿಲು ದಾಟದೆಂಬ ನಂಬಿಕೆ ಬೇಕಷ್ಟೆ.

ಈ ನಂಬಿಕೆಯೂ ಚಿಕಿತ್ಸೆಯ ಒಂದು ಅಂಗವೇ. ಬಹುಕಾಲ ನಿತ್ಯವೂ ಅತಿಯಾಗಿ ಮದ್ಯ ಸೇವಿಸಿದವನ ಮೆದುಳು ಅದರ ಮಂಕಿಗೆ ಒಗ್ಗಿಹೋಗಿರುತ್ತದೆ. ಶಸ್ತ್ರಚಿಕಿತ್ಸೆಗೆಂದು ಆಸ್ಪತ್ರೆ ಸೇರಿದಾಗ ಕುಡಿತ ಥಟ್ಟನೆ ನಿಂತರೆ ಮೆದುಳು ಕೆರಳುತ್ತದೆ. ಕೈನಡುಕ, ಬೆವರು, ಕೆಲವರಿಗೆ ಸೆಳವು, ಎರಡು ಮೂರು ದಿನಗಳಲ್ಲಿ ಸನ್ನಿ. ಇದು ಪ್ರಾಣಕ್ಕೂ ಸಂಚಕಾರ ತರಬಲ್ಲದು. ಮೊದಲೇ ತಿಳಿದಿದ್ದರೆ ಔಷಧಗಳಿಂದ ಬಹುಮಟ್ಟಿಗೆ ತಡೆಯಬಹುದು. ಅಪಸ್ಮಾರದ ಸಂಗತಿಯೂ ಹೀಗೆಯೇ. ಅತ್ತೆಯ ಮನೆಯವರಿಗೆ ತಿಳಿದೀತೆಂದು ಅಂಜಿ ಮಾತ್ರೆ ನಿಲ್ಲಿಸಿದ ಸೊಸೆಗೆ ಸೆಳವು ಮರುಕಳಿಸಬಹುದು. ಅವಳು ಸೇವಿಸುತ್ತಿದ್ದುದು ವಾಲ್‌ಪ್ರೊಯೇಟ್ ಆಗಿದ್ದರೆ, ಅದು ಗರ್ಭದ ಶಿಶುವಿಗೆ ಹಾನಿಕರವಾಗಬಲ್ಲುದರಿಂದ, ಗರ್ಭ ಧರಿಸುವ ಮುನ್ನವೇ ವೈದ್ಯನೊಡನೆ ಮಾತನಾಡಿ ಔಷಧ ಬದಲಿಸುವ ವಿಚಾರ ಮಾಡಬೇಕು. ಗುಟ್ಟು ಉಳಿಯುವುದೆಂಬ ಭರವಸೆಯಿಲ್ಲದೆ ಅವಳು ಬಾಯಿ ಬಿಡುವುದೆಂತು?

ಪ್ರಾಚೀನರಿಗೆ ಇದು ತಿಳಿದಿತ್ತು. ರೋಗಿಯ ಮನೆಯ ಸಂಗತಿಗಳನ್ನು ಹೊರಗೆ ಆಡಬಾರದೆಂದು ಚರಕಸಂಹಿತೆಯ ವಿಮಾನಸ್ಥಾನವು ವೈದ್ಯವಿದ್ಯಾರ್ಥಿಗೆ ವಿಧಿಸುತ್ತದೆ. ಗ್ರೀಸಿನ ಹಿಪೊಕ್ರೇಟಿಸನ ಹೆಸರಿನ ಪ್ರತಿಜ್ಞೆಯಲ್ಲಿಯೂ ಇದೇ ನಿಯಮವುಂಟು. ಭಾರತದಲ್ಲಿ 2002ರ ವೈದ್ಯಕೀಯ ನೀತಿನಿಯಮಗಳು ಇದನ್ನು ಕರ್ತವ್ಯವೆಂದೇ ಹೇಳುತ್ತವೆ.

ಹಾಗಾದರೆ ಗುಟ್ಟಿಗೆ ಮಿತಿಯೇ ಇಲ್ಲವೆ? 1998ರಲ್ಲಿ ಈ ಪ್ರಶ್ನೆ ಸರ್ವೋಚ್ಚ ನ್ಯಾಯಾಲಯದ ಮುಂದೆ ನಿಂತಿತು. ಒಬ್ಬಾತನು ಇನ್ನೊಬ್ಬ ರೋಗಿಗಾಗಿ ರಕ್ತ ಕೊಡಲು ಮುಂದಾದಾಗ, ಪರೀಕ್ಷೆಯಲ್ಲಿ ಎಚ್.ಐ.ವಿ. ಸೋಂಕು ಕಂಡುಬಂದಿತು. ಸುದ್ದಿ ಹೊರಬಿದ್ದು, ನಿಶ್ಚಯವಾಗಿದ್ದ ಮದುವೆ ಮುರಿಯಿತು. ತನ್ನವರೇ ಅವನನ್ನು ದೂರವಿಟ್ಟರು. ಆತನು ಆಸ್ಪತ್ರೆಯಿಂದ ಪರಿಹಾರ ಕೇಳಿದನು. ಗುಟ್ಟು ಕಾಯುವುದು ವೈದ್ಯನ ಧರ್ಮವೆಂದು ನ್ಯಾಯಾಲಯ ಒಪ್ಪಿತು. ಆದರೆ ವಧುವಾಗಲಿದ್ದವಳ ಆರೋಗ್ಯದ ಹಕ್ಕು ಅದಕ್ಕಿಂತ ಮಿಗಿಲೆಂದು ತೀರ್ಮಾನಿಸಿತು.

ಅವಳನ್ನು ರಕ್ಷಿಸಬೇಕಾದುದು ನ್ಯಾಯವೇ. ಆದರೆ ಊರೆಲ್ಲ ಅದನ್ನು ತಿಳಿಯಬೇಕಾಗಿರಲಿಲ್ಲ. 2017ರ ಎಚ್.ಐ.ವಿ. ಕಾಯಿದೆ ಈ ಗೆರೆಯನ್ನು ಎಚ್ಚರದಿಂದ ಎಳೆದಿದೆ. ಸಂಗಾತಿಗೆ ತಾನೇ ತಿಳಿಸುವಂತೆ ರೋಗಿಗೆ ಮೊದಲು ಬುದ್ಧಿ ಹೇಳಬೇಕು. ಆತನು ತಿಳಿಸಲಾರನೆಂದು ಖಚಿತವಾದರೆ, ತಾನು ತಿಳಿಸುವೆನೆಂದು ಅವನಿಗೆ ಮುನ್ಸೂಚನೆ ಕೊಟ್ಟು, ಅಪಾಯದಲ್ಲಿರುವ ಆ ಸಂಗಾತಿಗೆ ವೈದ್ಯನು ಹೇಳಬಹುದು. ಕ್ಷಯವನ್ನು 2012ರಿಂದ ಸರ್ಕಾರಕ್ಕೆ ವರದಿ ಮಾಡಲೇಬೇಕು. ನೆರೆಮನೆಯವರಿಗೆ ಸಾರಬೇಕೆಂದು ಅದರ ಅರ್ಥವಲ್ಲ.

ಗುಟ್ಟು ಒಡೆಯುವವರಲ್ಲಿ ವೈದ್ಯರಿಗಿಂತ ಬಂಧುಗಳೇ ಮುಂದಿರುವುದುಂಟು. ಪರೀಕ್ಷೆಯ ವರದಿ ಈಗ ಮೊಬೈಲಿಗೇ ಬರುತ್ತದೆ. ಕ್ಷಣಮಾತ್ರದಲ್ಲಿ ನಂಟರಿಷ್ಟರಿಗೆಲ್ಲ ಹರಡುತ್ತದೆ. ಪ್ರೀತಿಯಿಂದ ಕಳುಹಿಸಿದ್ದಾದರೂ ಅದು ಇನ್ನೊಬ್ಬರ ದೇಹದ ಸಂಗತಿ. ಅವರ ಅನುಮತಿ ಬೇಕು. ಬೆಳೆದ ಮಗಳು ವೈದ್ಯರೊಡನೆ ಒಬ್ಬಳೇ ಮಾತನಾಡಬಯಸಿದರೆ ತಾಯಿತಂದೆಯರು ಐದು ನಿಮಿಷ ಹೊರಗೆ ಕುಳಿತಿರಲಿ. ವೃದ್ಧ ತಂದೆಯ ಕಾಯಿಲೆಯನ್ನು ಆತನಿಗಿಂತ ಮೊದಲು ಮಕ್ಕಳಿಗೆ ಹೇಳಬೇಕೆಂದು ವೈದ್ಯರನ್ನು ಬಲವಂತಪಡಿಸುವ ಮುನ್ನ, ಆತನ ಇಷ್ಟವೇನೆಂದು ಒಮ್ಮೆ ಕೇಳಿ ನೋಡಲಿ.