ಮನೆ ಬಾಗಿಲಿಗೆ ಬರುವ ಕೋರ್ಟು

ತಾಲ್ಲೂಕು ಕೋರ್ಟ್ ಎಂದರೆ ಕರಿಕೋಟು, ಎತ್ತರದ ಪೀಠ, ವಾಯಿದೆಯ ದಿನ ಮರದ ಬುಡದಲ್ಲಿ ಹೆಸರು ಕೂಗುವುದನ್ನೇ ಕಾಯುತ್ತ ಕೂತ ಜನ. ಹೊರಗಿನಿಂದ ಕಾಣುವುದು ಇಷ್ಟು. ಹಳ್ಳಿಯ ಮನೆಗಳಿಗೆ ಮಾತ್ರ ಕೋರ್ಟಿನ ಮೊದಲ ಪರಿಚಯ ಆಗುವುದು ಸಮನ್ಸ್, ಜಪ್ತಿ ಆದೇಶಗಳನ್ನು ಹೊತ್ತು ತರುವ ಅಮೀನರಿಂದ. ಮಲೆನಾಡಿನ ತಾಲ್ಲೂಕು ಕೋರ್ಟೊಂದರಲ್ಲಿ ದುಡಿದು ನಿವೃತ್ತರಾದ ಅಂಥ ಹಿರಿಯರೊಬ್ಬರ ಮಾತು ಕೇಳಲೆಂದೇ ನಾನು ಹೋಗಿದ್ದೆ.

ಮಳೆಗಾಲದಲ್ಲಿ ಸಮನ್ಸನ್ನು ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ಅಂಗಿಯೊಳಗೆ ಇಟ್ಟುಕೊಂಡು ಸಂಕ ದಾಟುತ್ತಿದ್ದರಂತೆ. ಮನೆಯವರು ತೆಗೆದುಕೊಳ್ಳಲು ಒಪ್ಪದಿದ್ದರೆ ಪ್ರತಿಯನ್ನು ಬಾಗಿಲಿಗೆ ಅಂಟಿಸಿ, ಯಾರ ಎದುರು, ಎಷ್ಟು ಹೊತ್ತಿಗೆ ಎಂದು ಷರಾ ಬರೆಯಬೇಕು. ಜಮೀನು ಜಪ್ತಿಯಾದರೆ ಅಲ್ಲೇ ತಮಟೆ ಹೊಡೆಸಿ ಸಾರಬೇಕು. ‘ತಮಟೆ ಸದ್ದಿಗೆ ಊರೆಲ್ಲ ಸೇರೋದು. ಆ ಮನೆಯವರ ಮುಖ ನೋಡೋಕಾಗ್ತಿರಲಿಲ್ಲ ಸ್ವಾಮಿ’ ಎಂದರು.

ಆದರೆ ಅವರು ಹೆಚ್ಚು ಹೊತ್ತು ಹೇಳಿದ್ದು ಮುಟ್ಟಬಾರದ ವಸ್ತುಗಳ ಬಗ್ಗೆ. 1908ರ ಸಿವಿಲ್ ಪ್ರಕ್ರಿಯಾ ಸಂಹಿತೆಯ 60ನೇ ಕಲಮು ಅವರಿಗೆ ಬಾಯಿಪಾಠ. ಸಾಲಗಾರನ ಮನೆಯ ಉಡುವ ಬಟ್ಟೆ, ಅಡುಗೆ ಪಾತ್ರೆ, ಹಾಸಿಗೆ ಜಪ್ತಿಗೆ ಸಲ್ಲವು. ಧರ್ಮದ ರೂಢಿಯಂತೆ ಹೆಣ್ಣುಮಗಳು ಮೈಮೇಲಿಂದ ತೆಗೆಯಬಾರದ ಒಡವೆಯೂ ಸಲ್ಲದು. ಕುಶಲಕರ್ಮಿಯ ಹತಾರ, ಬೇಸಾಯಗಾರನ ನೇಗಿಲು, ಜೀವನಕ್ಕೆ ಬೇಕಾದ ದನ, ಬಿತ್ತನೆ ಬೀಜಕ್ಕೂ ರಕ್ಷಣೆ ಇದೆ. ಚರಾಸ್ತಿ ಜಪ್ತಿಗೆಂದು ಸೂರ್ಯ ಮುಳುಗಿದ ಮೇಲೆ ವಾಸದ ಮನೆಯೊಳಗೆ ಕಾಲಿಡುವಂತಿಲ್ಲ. ಹೊತ್ತು ಇಳಿಯಿತೆಂದು ಅಂಗಳದಿಂದಲೇ ಹಿಂತಿರುಗಿದ್ದುಂಟಂತೆ. ಕಾನೂನಿನ ಈ ಕರುಣೆ ಬಡವನ ಮನೆಯಲ್ಲಿ ಜಾರಿಯಾಗುವುದು ಅಮೀನರ ವಿವೇಕದಿಂದಲೇ ಎಂಬುದು ನನಗೆ ಅಲ್ಲಿ ಮನದಟ್ಟಾಯಿತು.

ಅಮೀನರನ್ನು ಕಳಿಸುವ ಈ ಕೋರ್ಟುಗಳ ಬೇರು ಹಳೆಯದು. 1793ರಲ್ಲಿ ಗವರ್ನರ್ ಜನರಲ್ ಕಾರ್ನ್‌ವಾಲಿಸ್ ಬಂಗಾಳದಲ್ಲಿ 50 ರೂಪಾಯಿವರೆಗಿನ ದಾವೆಗಳನ್ನು ಭಾರತೀಯ ಮುನ್ಸೀಫರಿಗೆ ಒಪ್ಪಿಸಿದ. ಮೈಸೂರು ಸಂಸ್ಥಾನದಲ್ಲಿ 1884ರಲ್ಲಿ ಚೀಫ್ ಕೋರ್ಟ್ ಬಂತು. ಇಂದಿನ ನಮ್ಮ ಸಿವಿಲ್ ಕೋರ್ಟುಗಳಿಗೆ ಆಧಾರ 1964ರ ಕರ್ನಾಟಕ ಸಿವಿಲ್ ನ್ಯಾಯಾಲಯಗಳ ಕಾಯ್ದೆ. ಮುನ್ಸೀಫರು ಈಗ ಕಿರಿಯ ಶ್ರೇಣಿಯ ಸಿವಿಲ್ ನ್ಯಾಯಾಧೀಶರು. ಸಾಮಾನ್ಯವಾಗಿ ಮ್ಯಾಜಿಸ್ಟ್ರೇಟರೂ ಅವರೇ. ಹಾಗಾಗಿ ಒಂದೇ ಹಾಲ್‌ನಲ್ಲಿ ಬೆಳಿಗ್ಗೆ ಪಾಲಿನ ದಾವೆ ನಡೆದರೆ ಮಧ್ಯಾಹ್ನ ಹೊಡೆದಾಟದ ಕೇಸು.

2002ರಿಂದ ಕೊರಿಯರ್, ಇ-ಮೇಲ್ ಮೂಲಕವೂ ಸಮನ್ಸ್ ಕಳಿಸಬಹುದು. ಒಳ್ಳೆಯದೇ. ಆದರೆ ಓದು ಬಾರದ ಅಜ್ಜಿಗೆ ‘ಇದು ಜೈಲಿನ ಕಾಗದ ಅಲ್ಲಮ್ಮ, ಇಂಥ ದಿನ ಬಂದು ವಕೀಲರನ್ನ ನೋಡಿ’ ಎಂದು ಜಗಲಿಯಲ್ಲಿ ಕೂತು ಧೈರ್ಯ ಹೇಳುವುದು ಯಾವ ಕೊರಿಯರಿಗೂ ಬರುವುದಿಲ್ಲ. ಅಮೀನರ ಹುದ್ದೆಗಳನ್ನು ಖಾಲಿ ಬಿಡಬಾರದು. ದೂರದ ಹಳ್ಳಿಗಳಿಗೆ ಓಡಾಡುವವರಿಗೆ ತಕ್ಕ ಭತ್ಯೆ ಸಿಗಬೇಕು. ಕಕ್ಷಿದಾರರಿಗೆ ಕೂರಲು ನೆರಳು, ಹೆಂಗಸರಿಗೆ ಶೌಚಾಲಯ ಇಲ್ಲದ ಕೋರ್ಟು ಎಲ್ಲೂ ಉಳಿಯಬಾರದು.

ಓದುಗರಲ್ಲಿ ಒಂದು ಮನವಿ. ಅಮೀನರು ಬಂದರೆ ಬಾಗಿಲು ಹಾಕಿಕೊಳ್ಳಬೇಡಿ, ಸಹಿ ಮಾಡಿ ಸಮನ್ಸ್ ಪಡೆಯಿರಿ. ಸಿವಿಲ್ ದಾವೆಯಾದರೆ 30 ದಿನದೊಳಗೆ ತಕರಾರು ಸಲ್ಲಿಸಬೇಕು. ವಕೀಲರಿಗೆ ಕೊಡಲು ಹಣವಿಲ್ಲದವರು ತಾಲ್ಲೂಕು ಕಾನೂನು ಸೇವಾ ಸಮಿತಿಯಲ್ಲಿ ವಿಚಾರಿಸಿ. ಮಹಿಳೆಯರಿಗೆ, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ ಆದಾಯ ಎಷ್ಟೇ ಇದ್ದರೂ ಅಲ್ಲಿ ಉಚಿತ ನೆರವಿನ ಹಕ್ಕಿದೆ.