ಜೇನು ಪಾಲಾಗುವ ಕಾಲ: ರಜೆ ಕಡಿಮೆಯಿರುವವರಿಗೆ ಒಂದು ಲೆಕ್ಕ

ಸಂಜೆ ನಮ್ಮ ವಾಚನಾಲಯದಲ್ಲಿ ಕೂಡುವವರಲ್ಲಿ ಪುತ್ತೂರು, ಸುಳ್ಯ, ಶಿರಸಿ, ಸಿದ್ದಾಪುರದ ಕಡೆಯವರು ಹಲವರು. ಕೆಲವರ ಮನೆಯ ಅಡಿಕೆ ತೋಟದಲ್ಲಿ ಹತ್ತಿಪ್ಪತ್ತು ಜೇನುಪೆಟ್ಟಿಗೆಗಳುಂಟು. ದೀಪಾವಳಿ ಕಳೆಯಿತೆಂದರೆ ಊರಿನಿಂದ ಫೋನಿನಲ್ಲಿ ಒಂದೇ ಸುದ್ದಿ: “ಮತ್ತೆರಡು ಪೆಟ್ಟಿಗೆಯಿಂದ ಜೇನು ಹಾರಿಹೋಯಿತು.” ತಂದೆಗೆ ವಯಸ್ಸಾಗಿದೆ, ತಮ್ಮನಿಗೆ ತೋಟದ ಕೆಲಸವೇ ಮುಗಿಯದು. 1998ರಲ್ಲಿ ಕೊಂಕಣ ರೈಲು ಪೂರ್ತಿಯಾದ ಮೇಲೆ ಊರು ಹತ್ತಿರವಾಯಿತು ನಿಜ, ಆದರೆ ರಜೆ ಹೆಚ್ಚಲಿಲ್ಲ. ನಾಲ್ಕು ದಿನದಲ್ಲಿ ಇಪ್ಪತ್ತು ಪೆಟ್ಟಿಗೆ ನೋಡಿಕೊಳ್ಳುವುದು ಹೇಗೆ? ಎಲ್ಲವನ್ನೂ ಬಿಚ್ಚಿ ನೋಡಬೇಕಾಗಿಲ್ಲ. ದಿನದ ಲೆಕ್ಕ ತಿಳಿದರೆ ಸಾಕು ಎಂಬುದು ನಮ್ಮ ಅಭಿಪ್ರಾಯ.

ಮೊದಲು ಒಂದು ಭೇದವನ್ನು ತಿಳಿಯಬೇಕು. ಇರುವೆ, ಮೇಣದ ಹುಳು, ಹಸಿವು ಇವುಗಳ ಕಾಟದಿಂದ ನೊಣಗಳೆಲ್ಲ ಗೂಡು ಬಿಟ್ಟು ಹೋಗುವುದು ಪರಾರಿ. ಸಂಸಾರ ತುಂಬಿ, ಹಳೆಯ ರಾಣಿ ಅರ್ಧದಷ್ಟು ನೊಣಗಳೊಡನೆ ಹೊರಟು, ಉಳಿದವು ಹೊಸ ರಾಣಿಯನ್ನು ಎಬ್ಬಿಸಿಕೊಳ್ಳುವುದು ಪಾಲಾಗುವಿಕೆ. ಇದು ರೋಗವಲ್ಲ, ಜೇನಿನ ವಂಶಧರ್ಮ. ಆದರೆ ನಮ್ಮ ತುಡುವೆ ಜೇನಿನಲ್ಲಿ ಮೊದಲ ಪಾಲಿನ ಹಿಂದೆಯೇ ಎರಡನೆಯದು, ಮೂರನೆಯದು ಹೊರಡುವುದುಂಟು. ಕೊನೆಗೆ ಪೆಟ್ಟಿಗೆಯಲ್ಲಿ ಉಳಿಯುವುದು ಒಂದು ಹಿಡಿ ನೊಣ. ಆ ವರ್ಷದ ತುಪ್ಪದ ಆಸೆ ಮುಗಿದಂತೆಯೇ.

ಇನ್ನು ಲೆಕ್ಕ. ರಾಣಿಕೋಶದಲ್ಲಿಟ್ಟ ಮೊಟ್ಟೆ 3 ದಿನಕ್ಕೆ ಒಡೆಯುತ್ತದೆ. ಮರಿ ಸುಮಾರು 5 ದಿನ ಬೆಳೆದ ಮೇಲೆ ಕೋಶದ ಬಾಯಿ ಮುಚ್ಚುತ್ತದೆ. ಮತ್ತೆ ಒಂದು ವಾರಕ್ಕೆ ರಾಣಿ ಹೊರಬರುತ್ತದೆ. ಹಳೆಯ ರಾಣಿ ಸಾಮಾನ್ಯವಾಗಿ ಹೊರಡುವುದು ಕೋಶ ಮುಚ್ಚುವ ಹೊತ್ತಿಗೆ, ಅಂದರೆ 8ನೆಯ ದಿನದ ಸುಮಾರಿಗೆ. ಆದುದರಿಂದ 7 ದಿನಕ್ಕೊಮ್ಮೆ ನೋಡಿದವನ ಕಣ್ಣು ತಪ್ಪಿಸಿ ಜೇನು ಹೊರಡುವುದು ಅಪರೂಪ. ಹದಿನೈದು ದಿನಕ್ಕೊಮ್ಮೆ ನೋಡಿದರೆ ನೋಡಿಯೂ ನೋಡದಂತೆ.

ಸಮಯ ಉಳಿಸಲು ಮೂರು ಉಪಾಯಗಳಿವೆ.

ಒಂದು, ಪೆಟ್ಟಿಗೆಗಳನ್ನು ಬಲವಾದವು, ಸಾಧಾರಣ, ದುರ್ಬಲ ಎಂದು ವಿಂಗಡಿಸಿ ಸೀಮೆಸುಣ್ಣದಿಂದ ಗುರುತು ಮಾಡಿ. ಪಾಲಾಗುವುದು ಹೆಚ್ಚಾಗಿ ಬಲವಾದವೇ. ಗಂಡುನೊಣಗಳು ಹೆಚ್ಚಾಗಿ ಕಂಡ ಪೆಟ್ಟಿಗೆಯನ್ನು ಈ ಗುಂಪಿಗೆ ಸೇರಿಸಿ. ವಾರದ ತಪಾಸಣೆ ಇವುಗಳಿಗಷ್ಟೇ ಸಾಕು.

ಎರಡು, ತುಡುವೆ ಜೇನು ರಾಣಿಕೋಶಗಳನ್ನು ಎರಿಯ ಕೆಳ ಅಂಚಿನಲ್ಲಿ ಕಟ್ಟುತ್ತದೆ. ಸ್ವಲ್ಪ ಹೊಗೆ ಹಾಕಿ, ಸಂಸಾರಕೋಣೆಯನ್ನು ಅಡಿಹಲಗೆಯಿಂದ ಎತ್ತಿ ವಾಲಿಸಿ ಕೆಳಗಿನಿಂದ ನೋಡಿದರೆ ಬಹುಪಾಲು ಕಾಣುತ್ತವೆ. ಚೌಕಟ್ಟುಗಳನ್ನೆಲ್ಲ ತೆಗೆದು ನೋಡಲು ಕಾಲು ಗಂಟೆ ಬೇಕಾದಲ್ಲಿ ಇದಕ್ಕೆ ಎರಡು ಮೂರು ನಿಮಿಷ. ಎಲ್ಲೋ ಒಂದು ಕೋಶ ಮರೆಯಾಗಿ ಉಳಿಯಬಹುದು. ಅನುಮಾನ ಬಂದ ಪೆಟ್ಟಿಗೆಯನ್ನು ಮಾತ್ರ ಪೂರ್ತಿ ಬಿಚ್ಚಿ.

ಮೂರು, ಇಕ್ಕಟ್ಟಾಗುವ ಮೊದಲೇ ಜಾಗ ಕೊಡಿ. ನ್ಯೂಟನ್ ಪೆಟ್ಟಿಗೆಯ ಸಂಸಾರಕೋಣೆಯಲ್ಲಿ ಚೌಕಟ್ಟುಗಳಿರುವುದು ಏಳೇ. ಅವು ತುಂಬುತ್ತ ಬಂದಾಗಲೇ ಮೇಲೆ ಜೇನುಕೋಣೆ ಇಡಬೇಕು. ಬಲವಾದ ಪೆಟ್ಟಿಗೆಯ ಮುಚ್ಚಿದ ಮರಿಯ ಎರಿಯೊಂದನ್ನು, ರಾಣಿಯಿಲ್ಲವೆಂದು ಖಚಿತಪಡಿಸಿಕೊಂಡು, ನೊಣ ಒರಸಿ ದುರ್ಬಲ ಪೆಟ್ಟಿಗೆಗೆ ಕೊಟ್ಟರೆ ಎರಡಕ್ಕೂ ಹಿತ. ಆದರೆ ಮರಿ ಸತ್ತು ಚೀಲದಂತಾಗಿರುವ ಪೆಟ್ಟಿಗೆಯ ಎರಿಯನ್ನು ಎಲ್ಲಿಗೂ ಸಾಗಿಸಬೇಡಿ. 1991ರಿಂದೀಚೆಗೆ ದಕ್ಷಿಣ ಭಾರತದ ಸಾವಿರಾರು ಸಂಸಾರಗಳನ್ನು ನಾಶಮಾಡಿದ ಥಾಯ್ ಸ್ಯಾಕ್‌ಬ್ರೂಡ್ ರೋಗದ ಗುರುತು ಅದು.

ಕೋಶ ಕಂಡಾಗ ಎಲ್ಲವನ್ನೂ ಚಿವುಟಿ ಹಾಕಿದರೆ ಕೆಲಸ ಮುಗಿಯಿತೆಂದು ತಿಳಿಯಬೇಡಿ. ಅವು ಮತ್ತೆ ಕಟ್ಟುತ್ತವೆ. ಹಳೆಯ ರಾಣಿ ಆಗಲೇ ಹೊರಟುಹೋಗಿದ್ದರಂತೂ ಚಿವುಟಿದವರೇ ಸಂಸಾರವನ್ನು ಅನಾಥ ಮಾಡಿದಂತೆ. ಬದಲಾಗಿ ನಾವೇ ಪಾಲು ಮಾಡಬೇಕು. ಹಳೆಯ ರಾಣಿಯನ್ನು ಮರಿಯಿರುವ ಎರಡು ಮೂರು ಎರಿ, ತುಪ್ಪ-ಪರಾಗವಿರುವ ಒಂದು ಎರಿ, ಸಾಕಷ್ಟು ನೊಣಗಳೊಡನೆ ಹೊಸ ಪೆಟ್ಟಿಗೆಗೆ ವರ್ಗಾಯಿಸಿ ಬೇರೆಡೆ ಇಡಿ. ಅದರಲ್ಲಿ ರಾಣಿಕೋಶ ಇರಕೂಡದು. ಹೊರಗೆ ದುಡಿಯುವ ನೊಣಗಳು ಹಳೆಯ ಜಾಗಕ್ಕೆ ಮರಳುವುದರಿಂದ ಹೊಸ ಪೆಟ್ಟಿಗೆಗೆ ಸಕ್ಕರೆ, ನೀರು ಸಮಪಾಲು ಸೇರಿಸಿದ ಪಾಕ ಕೊಡಿ. ಹಳೆಯ ಪೆಟ್ಟಿಗೆಯಲ್ಲಿ ದಷ್ಟಪುಷ್ಟವಾದ ಒಂದು ಕೋಶವನ್ನುಳಿಸಿ ಉಳಿದವನ್ನು ತೆಗೆಯಿರಿ. ನಾಲ್ಕೈದು ದಿನ ಬಿಟ್ಟು, ಹೊಸದಾಗಿ ಕಟ್ಟಿದ ಕೋಶಗಳಿದ್ದರೆ ಅವನ್ನೂ ತೆಗೆಯಿರಿ. ಆಮೇಲೆ ಮುಟ್ಟಬೇಡಿ. ಮೂರು ವಾರಕ್ಕೆ ಮೊಟ್ಟೆ ಕಂಡರೆ ಹೊಸ ರಾಣಿ ನೆಲೆಗೊಂಡಿತು. ಕಾಣದಿದ್ದರೆ ಬೇರೆ ಪೆಟ್ಟಿಗೆಯಿಂದ ಮೊಟ್ಟೆಯಿರುವ ಎರಿಯೊಂದನ್ನು ಕೊಟ್ಟು ನೋಡಬೇಕು.

ಹೀಗೆ ಕೆಲಸವನ್ನೂ ಪಾಲು ಮಾಡಿಕೊಳ್ಳಬಹುದು. ಭಾನುವಾರ ಬೆಳಗ್ಗೆ ಬಲವಾದ ಎಂಟು ಹತ್ತು ಪೆಟ್ಟಿಗೆಗಳನ್ನು ವಾಲಿಸಿ ನೋಡುವುದು ತಮ್ಮನಿಗೆ ಅರ್ಧ ಗಂಟೆಯ ಕೆಲಸ. ವಿಂಗಡಣೆ, ಎರಿ ಬದಲಾವಣೆ, ಪಾಲು ಮಾಡುವುದು ರಜೆಯಲ್ಲಿ ಹೋದ ಅಣ್ಣನದು. ಹೂವಿನ ಕಾಲ ಊರಿಂದೂರಿಗೆ ಹಿಂದುಮುಂದಾಗುವುದರಿಂದ, ರಜೆಯ ಅರ್ಜಿ ಹಾಕುವ ಮೊದಲು ‘ಗಂಡುನೊಣ ಕಂಡವೆ?’ ಎಂದು ಊರಿಗೆ ಕೇಳಿರಿ.

ಹೆಚ್ಚು ತಿಳಿಯಬಯಸುವವರಿಗೆ ದಾರಿ ದೂರವಿಲ್ಲ. ಖಾದಿ ಮತ್ತು ಗ್ರಾಮೋದ್ಯೋಗ ಆಯೋಗದ ಮುಖ್ಯ ಕಚೇರಿ ನಮ್ಮ ದಾದರಿನಿಂದ ಲೋಕಲ್ ಗಾಡಿಯಲ್ಲಿ ಹೋಗಬಹುದಾದ ವಿಲೇಪಾರ್ಲೆಯಲ್ಲಿದೆ. ಆಯೋಗದ ಕೇಂದ್ರೀಯ ಜೇನು ಸಂಶೋಧನ ಮತ್ತು ತರಬೇತಿ ಸಂಸ್ಥೆ 1962ರಲ್ಲಿ ಪುಣೆಯಲ್ಲಿ ಸ್ಥಾಪನೆಯಾಯಿತು. ಊರಿನ ಪೆಟ್ಟಿಗೆಯ ಚಿಂತೆಯಿರುವವರು ಒಮ್ಮೆ ವಿಚಾರಿಸಿಕೊಂಡು ಬಂದು, ತಿಳಿದುದನ್ನು ನಮ್ಮ ವಾಚನಾಲಯದ ಮಿತ್ರರಿಗೂ ಹೇಳಲಿ.